ಕಡಿದವರಿಗಷ್ಟೇ ಒಳದಾರಿ: ಚೌಕಾಬಾರದ ಮನೆಕಟ್ಟಳೆಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳೂ ಸೇರಿದಂತೆ ಹಳೇ ಮೈಸೂರು ಸೀಮೆಯಲ್ಲಿ ಚೌಕಾಬಾರ ಆಡಲು ಕೂತವರು ಕವಡೆ ಎಸೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ, ಅಂದರೆ ಹೊಡೆದು ಹೊರಟ ಮನೆಗೆ ಕಳಿಸದೆ, ಒಳಸುತ್ತಿಗೆ ಹೋಗಬಹುದೇ? ಕೆಲವು ಮನೆಗಳಲ್ಲಿ ಹೋಗಬಹುದು, ಕೆಲವು ಮನೆಗಳಲ್ಲಿ ಸುತರಾಂ ಆಗದು. ಮಣೆ ಅದೇ, ಕವಡೆ ಅದೇ. ಆದರೂ ಇವೆರಡನ್ನು ಒಂದೇ ಆಟವೆಂದು ದಾಖಲಿಸುವುದು ತಪ್ಪು ಎಂಬುದು ಈ ಲೇಖನದ ವಾದ.

ಮಣೆಯಲ್ಲಿ 25 ಮನೆಗಳು: ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ 1. ಆಟಗಾರರಿಗೆ ತಲಾ ನಾಲ್ಕು ಕಾಯಿ. ಹೊರಟ ಮನೆಯಿಂದ ನಡುಮನೆಗೆ 24 ಹೆಜ್ಜೆ. ಅಲ್ಲಿ ಮುಟ್ಟಿದ ಕಾಯಿ ಹಣ್ಣಾಗುತ್ತದೆ. ನಾಲ್ಕು ಕವಡೆಗಳಲ್ಲಿ ಅಂಗಾತ ಬಿದ್ದವೆಷ್ಟೋ ಅಷ್ಟು ಗರ; ನಾಲ್ಕೂ ಅಂಗಾತವಾದರೆ ಚೌಕ, ಎಲ್ಲವೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕಕ್ಕೂ ಬಾರಕ್ಕೂ ಮತ್ತೊಂದು ಎಸೆತ ಸಿಗುತ್ತದೆ. ಕತ್ತರಿ ಗುರುತಿನ ಮನೆಗಳಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ.

ಕವಡೆಯ ಎರಡೂ ಮಗ್ಗುಲು ಸಮಾನವಾಗಿ ಬೀಳುತ್ತವೆಂದು ಇಟ್ಟುಕೊಂಡರೆ 16 ಸಾಧ್ಯತೆಗಳಲ್ಲಿ ಎರಡು ಬೀಳುವುದು 6 ಬಾರಿ, ಒಂದು ಮತ್ತು ಮೂರು ತಲಾ 4 ಬಾರಿ, ಚೌಕ ಮತ್ತು ಬಾರ ತಲಾ 1 ಬಾರಿ. ನಿಜವಾದ ಕವಡೆ ಹೀಗೆ ಸಮನಾಗಿ ಬೀಳುವುದಿಲ್ಲ, ಕವಡೆಯ ಬದಲು ಬಳಸುವ, ಒಂದು ಮಗ್ಗುಲು ತೇಯ್ದ ಹುಣಸೆ ಬೀಜವಂತೂ ಇಲ್ಲವೇ ಇಲ್ಲ. ಆದರೂ ಲೆಕ್ಕದ ದಿಕ್ಕು ಸ್ಪಷ್ಟ. ಎದುರಾಳಿ ಎರಡು ಮನೆ ಹಿಂದಿದ್ದಾಗಲೇ ಅಪಾಯ ಹೆಚ್ಚು. ನಾಲ್ಕು ಮನೆ ಹಿಂದಿದ್ದರೆ ಹೆಚ್ಚುಕಡಿಮೆ ನಿರಾಳ. ಕಡಿಯುವುದು ಐಚ್ಛಿಕವಾದಲ್ಲಿ ಜಾಣರು ಈ ದೂರ ಕಾಯ್ದುಕೊಂಡು ಓಡುತ್ತಾರೆ. ಕಡ್ಡಾಯವಾದಲ್ಲಿ ಓಡುವವರೂ ತಿರುಗಿ ಬೇಟೆಗೆ ನಿಲ್ಲಲೇಬೇಕು. ಒಂದು ಕಾಯಿಯನ್ನೂ ಕಡಿಯದವರು ಒಳದಾರಿ ಬಿಟ್ಟು ಹೊರಸುತ್ತನ್ನೇ ಮತ್ತೆ ಸುತ್ತುವಾಗ ಇಡೀ ಮಣೆಯೇ ಕಾಳಗದ ಕಣ.

ಇನ್ನೂ ಕುತೂಹಲದ ಕಟ್ಟಳೆ ಗಟ್ಟಿಯದು. ಒಬ್ಬರದೇ ಎರಡು ಕಾಯಿ ಒಂದೇ ಮನೆಯಲ್ಲಿ ಜೊತೆಗೂಡಿದರೆ ಗಟ್ಟಿ; ಅದನ್ನು ಇನ್ನೊಂದು ಗಟ್ಟಿಯೇ ಕಡಿಯಬೇಕು. ಗಟ್ಟಿ ನಡೆಯುವುದು ಸಮಗರಕ್ಕೆ ಮಾತ್ರ, ಅದೂ ಅರ್ಧದಷ್ಟು: ಎರಡಕ್ಕೆ ಒಂದು ಮನೆ, ಚೌಕಕ್ಕೆ ಎರಡು, ಬಾರಕ್ಕೆ ನಾಲ್ಕು. ಹಾಗಾಗಿ ಅರ್ಧದಷ್ಟು ಎಸೆತಗಳಲ್ಲಿ ಅದು ಕದಲುವುದೇ ಇಲ್ಲ. ಆದರೆ ಒಂದೇ ಮನೆ ಮುಂದಿರುವ ಗುರಿಯನ್ನು ಬಿಡಿಕಾಯಿ 16ರಲ್ಲಿ 4 ಬಾರಿ ಹೊಡೆದರೆ, ಗಟ್ಟಿ 6 ಬಾರಿ ಹೊಡೆಯುತ್ತದೆ. ಗುರಿ ಮೂರು ಮನೆ ಮುಂದಿದ್ದರೆ ಒಂದೇ ಎಸೆತದಲ್ಲಿ ಗಟ್ಟಿಗೆ ದಾರಿಯಿಲ್ಲ. ಹತ್ತಿರ ಬಂದರೆ ಭಯಂಕರ, ದೂರಕ್ಕೆ ನಿರುಪಾಯ. ಕಾಲ್ದಳಕ್ಕೂ ಆನೆಗೂ ಇರುವಂಥ ಈ ವ್ಯತ್ಯಾಸವನ್ನು ಯಾವ ಶಾಸ್ತ್ರಗ್ರಂಥದ ನೆರವೂ ಇಲ್ಲದೆ ಮನೆಮಂದಿ ಕಟ್ಟಿಕೊಂಡಿದ್ದಾರೆ ಎನ್ನುವುದು ನನಗೆ ಬಹು ದೊಡ್ಡ ಸಂಗತಿ.

ಅರಮನೆಯ ಆಟಗಳಿಗೆ ಬರಹದ ಭಾಗ್ಯವಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಹೊಸ ಆಟಗಳನ್ನು ರಚಿಸಿದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಆಟಗಳಿಗೆ ಮೀಸಲು. ಇಂದು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಸಾಂಪ್ರದಾಯಿಕ ಮಣೆಗಳನ್ನು ಮತ್ತೆ ಜನರ ಕೈಗೆ ತಲುಪಿಸುತ್ತಿದೆ. ಶಿವರಾತ್ರಿಯ ಜಾಗರಣೆಯಲ್ಲಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಆಡಿದ ಆಟದ ಕಟ್ಟಳೆಯಾದರೋ ಬಾಯಿಂದ ಬಾಯಿಗೆ ಬಂದದ್ದು.

ಮನೆಕಟ್ಟಳೆಯನ್ನು ಮೂಲದಿಂದ ಜಾರಿದ ತಪ್ಪೆಂದು ಕಾಣುವವರು ಅಮೆರಿಕದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಚರಿತ್ರೆಯನ್ನು ನೋಡಬೇಕು. 1974ರಲ್ಲಿ ಪ್ರಕಟವಾದ, ಪಾತ್ರ ವಹಿಸಿ ಆಡುವ ಆಟ ಅದು. ಇಪ್ಪತ್ತು ಮುಖದ ದಾಳದಲ್ಲಿ 20 ಬಿದ್ದರೆ ಏಟಿನ ಬಲ ಇಮ್ಮಡಿ ಎಂಬ ಕಟ್ಟಳೆ ಆಟಗಾರರ ಗುಂಪುಗಳಲ್ಲಿ ಚಾಲ್ತಿಗೆ ಬಂತು. ಅಂಥ ಕಟ್ಟಳೆ ಬೇಡವೆಂದು ಅದರ ರಚನಕಾರರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ ವಾದಿಸಿದರು. 2000ದ ಮೂರನೆಯ ಆವೃತ್ತಿಯಲ್ಲಿ ಇಂಥ ನಿರ್ಣಾಯಕ ಏಟು ಮೂಲ ನಿಯಮವಾಗಿಯೇ ಸೇರಿತು.

ಆದ್ದರಿಂದ ಆರಂಭದಲ್ಲಿ ಹೆಸರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಕ್ಷೇತ್ರಕಾರ್ಯ ಮಾಡುವವರು ಮಣೆಯ ಚಿತ್ರ ಬರೆದುಕೊಂಡು ಮರಳಿದರೆ ಸಾಲದು. ಕಡಿದವರಿಗೆ ಮತ್ತೊಂದು ಎಸೆತವುಂಟೇ? ಸತತ ಮೂರು ಚೌಕ ಬಿದ್ದರೆ ಗರ ಸುಡುತ್ತದೆಯೇ, ಅಂದರೆ ರದ್ದಾಗುತ್ತದೆಯೇ? ಗಟ್ಟಿ ಕಟ್ಟುವುದು ಒಳಸುತ್ತಿನಲ್ಲಿ ಮಾತ್ರವೋ, ಎಲ್ಲೆಡೆಯೋ? ದಾರಿಯಲ್ಲಿ ಕೂತ ಗಟ್ಟಿಯನ್ನು ಬಿಡಿಕಾಯಿ ದಾಟಬಹುದೇ? ಈ ಉತ್ತರಗಳನ್ನು ಮನೆಮನೆಯ ಅಜ್ಜಿಯರಿಂದ, ಊರು ಮತ್ತು ತವರೂರಿನ ಹೆಸರಿನೊಂದಿಗೆ ಬರೆದುಕೊಳ್ಳಬೇಕು. ಮದುವೆಯಾಗಿ ಬಂದವರೊಂದಿಗೆ ಕಟ್ಟಳೆಯೂ ಊರು ಬದಲಿಸಿದೆಯೇ ಎಂದು ತಿಳಿಯಲು ಅದೇ ದಾರಿ.