ಚಿಟಪಟ ಸದ್ದು ಇರಲಿ



ಹಳೆಯ ಹಾಡಿನ ತಟ್ಟೆಯೊಂದನ್ನು ಉಜ್ಜಿ ಹೊಳಪು ಕೊಟ್ಟು, ಹೊಸ ಹೊದಿಕೆ ತೊಡಿಸಿ, ಹೆಚ್ಚಿನ ಬೆಲೆಗೆ ಮತ್ತೆ ಮಾರುಕಟ್ಟೆಗೆ ತಂದರೆ ಅದನ್ನು ಕೊಳ್ಳಬೇಕೆ, ಬೇಡವೆ? ಮೇಲುನೋಟಕ್ಕೆ ಇದು ಕಿಸೆಗೆ ಸಂಬಂಧಪಟ್ಟ ಸಣ್ಣ ಪ್ರಶ್ನೆ. ಸ್ವಲ್ಪ ಒಳಹೊಕ್ಕು ನೋಡಿದರೆ ಇದು ಚರಿತ್ರೆಯ ಪ್ರಶ್ನೆ. ಒಂದು ರಾತ್ರಿ ಒಂದು ಸಭೆಯಲ್ಲಿ ನಡೆದದ್ದನ್ನು ಯಂತ್ರ ಹಿಡಿದಿಟ್ಟಿದೆ. ಹಾಗೆ ಹಿಡಿದಿಟ್ಟದ್ದನ್ನು ಇಪ್ಪತ್ತೈದು ವರ್ಷಗಳ ಬಳಿಕ ತಿದ್ದಿದರೆ, ನಮ್ಮ ಕೈಗೆ ಬರುವುದು ಆ ರಾತ್ರಿಯೋ, ತಿದ್ದಿದವರ ಕೋಣೆಯೋ?

ಇದಕ್ಕೆ ಒಂದು ಉದಾಹರಣೆಯಾಗಿ ಇಂಗ್ಲೆಂಡಿನ ಒಂದು ರಾಕ್ ಸಂಗೀತದ ತಟ್ಟೆಯ ಕತೆಯನ್ನು ಹೇಳುತ್ತೇನೆ. ರಾಕ್ ಸಂಗೀತವೆಂದರೆ ಬರಿಯ ಗದ್ದಲ ಎಂದು ಮೂಗು ಮುರಿಯುವವರೂ ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಕತೆ ಗದ್ದಲದ್ದಲ್ಲ, ದಾಖಲೆಯದ್ದು.

'ದ ಹೂ' ಎಂಬುದು ಲಂಡನ್ನಿನ ನಾಲ್ವರ ತಂಡ. ಹಾಡುಗಾರ ರೋಜರ್ ಡಾಲ್ಟ್ರಿ, ಗಿಟಾರಿನ ಪೀಟ್ ಟೌನ್‌ಶೆಂಡ್, ಬೇಸ್ ಗಿಟಾರಿನ ಜಾನ್ ಎಂಟ್ವಿಸಲ್, ಡ್ರಮ್ಸಿನ ಕೀತ್ ಮೂನ್. 1969ರಲ್ಲಿ ಇವರು 'ಟಾಮಿ' ಎಂಬ ಕಥಾಸಂಗೀತದ ಜೋಡಿ ತಟ್ಟೆ ಹೊರತಂದು ಹೆಸರು ಮಾಡಿದರು. ಆದರೆ ಅವರ ನಿಜವಾದ ಬಲ ಇದ್ದದ್ದು ರಂಗದ ಮೇಲೆ. ಸ್ಟುಡಿಯೋದಲ್ಲಿ ಮೂರು ನಿಮಿಷಕ್ಕೆ ಮುಗಿಯುವ ಹಾಡು ಸಭೆಯ ಎದುರಿಗೆ ಹದಿನೈದು ನಿಮಿಷ ಬೆಳೆಯುತ್ತಿತ್ತು. ಅದನ್ನು ಹಿಡಿದಿಡಬೇಕೆಂದು ಅಮೆರಿಕದ ಪ್ರವಾಸದಲ್ಲಿ ಕಛೇರಿಯ ಮೇಲೆ ಕಛೇರಿ ಮುದ್ರಿಸಿಕೊಂಡರು. ಊರಿಗೆ ಬಂದು ನೋಡಿದರೆ ಟೇಪುಗಳ ರಾಶಿ. ಅಷ್ಟನ್ನೂ ಕೂತು ಕೇಳಿ ಆರಿಸುವ ತಾಳ್ಮೆ ಯಾರಿಗಿದೆ? ಎಲ್ಲವನ್ನೂ ಬೆಂಕಿಗೆ ಹಾಕಿ ಎಂದು ತಾನೇ ಹೇಳಿದ್ದಾಗಿ ಟೌನ್‌ಶೆಂಡ್ ಮುಂದೆ ಸಂದರ್ಶನಗಳಲ್ಲಿ ತಿಳಿಸಿದ್ದಾರೆ.

ಬಳಿಕ ಹೊಸದಾಗಿ ಎರಡು ಕಛೇರಿ ಗೊತ್ತು ಮಾಡಿದರು. 1970ರ ಫೆಬ್ರವರಿ 14, ಶನಿವಾರ, ಲೀಡ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ಒಂದು. ಮರುದಿನ ಹಲ್ ಪಟ್ಟಣದ ಸಿಟಿ ಹಾಲಿನಲ್ಲಿ ಇನ್ನೊಂದು. ಪೈ ಕಂಪೆನಿಯ ಸಂಚಾರಿ ಧ್ವನಿಮುದ್ರಣ ಸಲಕರಣೆ ತರಿಸಿದರು. ಎರಡು ಕಡೆಯೂ ಯಂತ್ರ ಕೈಕೊಟ್ಟಿತು. ಹಲ್‌ನ ಟೇಪು ಕೇಳಿದರೆ ಮೊದಲ ಕೆಲವು ಹಾಡುಗಳಲ್ಲಿ ಎಂಟ್ವಿಸಲ್ ಅವರ ಬೇಸ್ ಗಿಟಾರು ಮುದ್ರಣವೇ ಆಗಿರಲಿಲ್ಲ. ಲೀಡ್ಸಿನದ್ದರಲ್ಲಿ ಬೇಸ್ ಗಿಟಾರು ಇತ್ತು. ಆದರೆ ನಡುನಡುವೆ ಒಗ್ಗರಣೆಗೆ ಸಾಸಿವೆ ಹಾರಿದ ಹಾಗೆ ಚಿಟಪಟ ಸದ್ದು. ತಂತಿಯ ಜೋಡಣೆಯ ದೋಷ ಎಂದು ಹೇಳುತ್ತಾರೆ.

ಆ ಕಾಲದಲ್ಲಿ ಇಂಥ ಸದ್ದನ್ನು ತೆಗೆಯಲು ಇದ್ದ ಉಪಾಯ ಬ್ಲೇಡು. ಟೇಪನ್ನು ಕತ್ತರಿಸಿ ಅಂಟಿಸಬೇಕು. ಸದ್ದು ಹೋಗುತ್ತದೆ, ಅದರೊಂದಿಗೆ ಅಷ್ಟು ಸಂಗೀತವೂ ಹೋಗುತ್ತದೆ. ಹಾಗಾಗಿ ಅವರು ಬೇರೊಂದು ದಾರಿ ಹಿಡಿದರು. 1970ರ ಮೇ ತಿಂಗಳಲ್ಲಿ 'ಲೈವ್ ಎಟ್ ಲೀಡ್ಸ್' ಹೊರಬಂದಾಗ ತಟ್ಟೆಯ ನಡುವಿನ ಚೀಟಿಯಲ್ಲೇ ಕೈಬರಹದಲ್ಲಿ ಒಂದು ಸೂಚನೆ ಇತ್ತು: ಈ ಚಿಟಪಟ ಸದ್ದು ಇರತಕ್ಕದ್ದೇ, ಸರಿಪಡಿಸಲು ಹೋಗಬೇಡಿ ಎಂಬರ್ಥದಲ್ಲಿ.

ಈ ಚೀಟಿಯ ಮಹತ್ವವನ್ನು ಗಮನಿಸಿ. ದೋಷವನ್ನು ಮುಚ್ಚಿಡಲಿಲ್ಲ, ಎಲ್ಲರಿಗೂ ಕಾಣುವ ಹಾಗೆ ಬರೆದು ಸಹಿ ಮಾಡಿದಂತಾಯಿತು. ಹೊದಿಕೆಯೂ ಹಾಗೆಯೇ. ಬಣ್ಣದ ಚಿತ್ರವಿಲ್ಲ. ಬರಿಯ ಕಂದು ಕಾಗದದ ರಟ್ಟು, ಅದರ ಮೇಲೆ ರಬ್ಬರು ಮೊಹರು ಒತ್ತಿದಂತೆ ಹೆಸರು. 1969ರಿಂದ ಅಲ್ಲಿ ಗಾಯಕರ ಅನುಮತಿಯಿಲ್ಲದ ಕಳ್ಳತಟ್ಟೆಗಳು ಮಾರಾಟವಾಗತೊಡಗಿದ್ದವು. ಅವುಗಳ ವೇಷವನ್ನೇ ಅಸಲಿ ತಟ್ಟೆಗೆ ತೊಡಿಸಿದರು. ಒಳಗೆ ತಂಡದ ಹಳೆಯ ಪತ್ರ, ಕರಾರು, ಭಿತ್ತಿಪತ್ರಗಳ ಪ್ರತಿಗಳನ್ನೂ ಇಟ್ಟಿದ್ದರು. ಒಟ್ಟಿನಲ್ಲಿ ಅದು ತಟ್ಟೆಯೂ ಹೌದು, ಕಡತವೂ ಹೌದು.

ಆದರೆ ಈ ಪ್ರಾಮಾಣಿಕ ತಟ್ಟೆಯಲ್ಲೂ ಒಂದು ಕೊರತೆ ಇತ್ತು. ಎಲ್‌ಪಿ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತು ಇಪ್ಪತ್ತೈದು ನಿಮಿಷವೇ ಹಿಡಿಸುವುದು. ಆ ರಾತ್ರಿಯ ಕಛೇರಿ ಎರಡು ಗಂಟೆಗೂ ಮಿಕ್ಕಿತ್ತು, ನಡುವೆ 'ಟಾಮಿ' ಕಥೆ ಹೆಚ್ಚುಕಡಿಮೆ ಪೂರ್ತಿ ಬಂದಿತ್ತು. ತಟ್ಟೆಗೆ ಇಳಿದದ್ದು ಆರೇ ಹಾಡು, ನಲುವತ್ತು ನಿಮಿಷಕ್ಕೂ ಕಡಿಮೆ. ಇಡೀ ರಾತ್ರಿಯ ಆಟದಲ್ಲಿ ಒಂದು ಪ್ರವೇಶವನ್ನೂ ಒಂದು ಯುದ್ಧವನ್ನೂ ಮಾತ್ರ ನೋಡಿ ಬಂದಂತೆ. ಆದರೂ ರಾಕ್ ಸಂಗೀತದ ಅತ್ಯುತ್ತಮ ಸಭಾಮುದ್ರಣಗಳಲ್ಲಿ ಅದೊಂದು ಎಂಬ ಹೆಸರು ಉಳಿಯಿತು.

ಇಪ್ಪತ್ತೈದು ವರ್ಷ ಹೀಗೆ ಕಳೆಯಿತು. 1978ರಲ್ಲಿ ಕೀತ್ ಮೂನ್ ತೀರಿಕೊಂಡರು. 1995ರಲ್ಲಿ ಜಾನ್ ಆಸ್ಟ್ಲಿ ಎಂಬವರ ಕೈಯಿಂದ ಹೊಸ ಆವೃತ್ತಿ ಸಿ.ಡಿ.ಯಾಗಿ ಬಂತು. ಆರು ಹಾಡಿದ್ದಲ್ಲಿ ಈಗ ಹದಿನಾಲ್ಕು, ಜೊತೆಗೆ ಹಾಡುಗಳ ನಡುವಿನ ಮಾತುಕತೆ. ಚಿಟಪಟ ಸದ್ದನ್ನು ಕಂಪ್ಯೂಟರಿನಿಂದ ಹೆಕ್ಕಿ ತೆಗೆದಿದ್ದರು. 2001ರಲ್ಲಿ ಎರಡು ತಟ್ಟೆಗಳ ಆವೃತ್ತಿ ಬಂದು 'ಟಾಮಿ'ಯೂ ಸೇರಿತು. ಆದರೆ ಸಭೆಯಲ್ಲಿ ನಡುವೆ ಬಂದಿದ್ದ 'ಟಾಮಿ'ಯನ್ನು ಬೇರ್ಪಡಿಸಿ ಎರಡನೆಯ ತಟ್ಟೆಯಲ್ಲಿ ಇಟ್ಟರು. 2010ರಲ್ಲಿ, ನಲುವತ್ತು ವರ್ಷ ತುಂಬಿದಾಗ, ಹಲ್‌ನ ಕಛೇರಿಯೂ ಬೆಳಕು ಕಂಡಿತು. ಬೇಸ್ ಗಿಟಾರು ಇಲ್ಲದ ಹಾಡುಗಳಿಗೆ ಏನು ಮಾಡಿದರು ಅನ್ನುತ್ತೀರಿ? ಹಿಂದಿನ ರಾತ್ರಿ ಲೀಡ್ಸಿನಲ್ಲಿ ಅದೇ ಹಾಡುಗಳಿಗೆ ಎಂಟ್ವಿಸಲ್ ನುಡಿಸಿದ್ದನ್ನು ತಂದು ಜೋಡಿಸಿದರು. ಅವರನ್ನೇ ಕರೆದು ನುಡಿಸೋಣವೆಂದರೆ ಅವರು 2002ರಲ್ಲೇ ತೀರಿಹೋಗಿದ್ದರು.

ಇಲ್ಲಿ ಎರಡು ಶಬ್ದಗಳನ್ನು ಬಿಡಿಸಿ ತಿಳಿದುಕೊಳ್ಳಬೇಕು. ಅಂಗಡಿಯವರು ಎರಡನ್ನೂ ಒಂದೇ ಎಂಬಂತೆ ಮಾರುತ್ತಾರೆ. ಕಛೇರಿ ಮುದ್ರಿಸುವಾಗ ಹಾಡು, ಗಿಟಾರು, ಡ್ರಮ್ಸ್ ಇವನ್ನು ಅಗಲ ಟೇಪಿನಲ್ಲಿ ಬೇರೆ ಬೇರೆ ಸಾಲುಗಳಾಗಿ ಹಿಡಿಯುತ್ತಾರೆ. ಬಳಿಕ ಯಾವುದು ಎಷ್ಟು ಕೇಳಬೇಕೆಂದು ಹದ ಮಾಡಿ ಎರಡು ಸಾಲಿಗೆ ಇಳಿಸುತ್ತಾರೆ. ಇದು ಮಿಕ್ಸಿಂಗ್. ಹಾಗೆ ಇಳಿಸಿದ್ದನ್ನು ತಟ್ಟೆಗೆ ಹೊಂದುವಂತೆ ಕೊನೆಯ ಹದ ಕೊಡುವುದು ಮಾಸ್ಟರಿಂಗ್. ರೀಮಾಸ್ಟರ್ ಎಂದರೆ ಈ ಕೊನೆಯ ಹಂತವನ್ನು ಮಾತ್ರ ಮತ್ತೆ ಮಾಡುವುದು, ಮಾಡಿದ ಅಡುಗೆಯನ್ನು ಬಿಸಿ ಮಾಡಿ ಬಡಿಸಿದಂತೆ. ರೀಮಿಕ್ಸ್ ಎಂದರೆ ಪಾತ್ರೆ ತೊಳೆದು ಮೂಲ ಸಾಮಾನಿನಿಂದ ಹೊಸತಾಗಿ ಅಟ್ಟಿದಂತೆ. 1995ರ ಲೀಡ್ಸ್ ಆವೃತ್ತಿ ಈ ಎರಡನೆಯ ಬಗೆಯದ್ದು. ಅದರಲ್ಲಿ ಕೇಳುವುದು 1970ರ ನುಡಿಸಾಣಿಕೆ, ಆದರೆ 1995ರ ಕಿವಿ.

ಇನ್ನೊಂದು ಅಪಾಯವೂ ಉಂಟು. ಸಿ.ಡಿ. ಕಾಲ ಬಂದ ಮೇಲೆ, ತಮ್ಮ ತಟ್ಟೆ ಪಕ್ಕದವನದ್ದಕ್ಕಿಂತ ಜೋರಾಗಿ ಕೇಳಬೇಕೆಂಬ ಹಟ ಕಂಪೆನಿಗಳಿಗೆ ಹತ್ತಿತು. ಮೆಲುದನಿಯನ್ನು ಎತ್ತಿ, ಏರುದನಿಯನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ಇದು ಅತಿಯಾಯಿತೆಂದು ದೂರಿದರು. ಅದು ಸ್ಟುಡಿಯೋ ತಟ್ಟೆ. ಸಭೆಯ ಮುದ್ರಣಕ್ಕೆ ಹೀಗೆ ಮಾಡಿದರೆ ನಷ್ಟ ಇನ್ನೂ ಹೆಚ್ಚು. ಭಾಗವತರ ಮೆಲು ಆಲಾಪಕ್ಕೂ ಚೆಂಡೆಯ ಅಬ್ಬರಕ್ಕೂ ವ್ಯತ್ಯಾಸ ಅಳಿಸಿದರೆ ರಂಗದಲ್ಲಿ ಉಳಿಯುವುದೇನು?

ಹಾಗಾದರೆ ತಿದ್ದದ ಹಳೆಯ ತಟ್ಟೆಗಳೆಲ್ಲ ಸತ್ಯವೆ? ಅದೂ ಅಲ್ಲ. ಡೀಪ್ ಪರ್ಪಲ್ ತಂಡದ 'ಮೇಡ್ ಇನ್ ಜಪಾನ್' 1972ರ ಆಗಸ್ಟ್ 15, 16ರ ಒಸಾಕಾ ಮತ್ತು 17ರ ಟೋಕಿಯೋ ಕಛೇರಿಗಳಿಂದ ಆರಿಸಿದ ಏಳು ಹಾಡುಗಳ ಜೋಡಿ ತಟ್ಟೆ. ಕೇಳುವವರಿಗೆ ಒಂದೇ ರಾತ್ರಿ ಎನಿಸುತ್ತದೆ, ನಡೆದದ್ದು ಮೂರು ರಾತ್ರಿ. 1993ರಲ್ಲಿ ಮೂರು ರಾತ್ರಿಗಳ ಹೆಚ್ಚಿನ ಭಾಗ ಮೂರು ಸಿ.ಡಿ.ಗಳಲ್ಲಿ ಬಂದಾಗ, ಯಾವ ಹಾಡನ್ನು ಎಲ್ಲಿಂದ ಆರಿಸಿದ್ದರೆಂದು ಜನ ಹೋಲಿಸಿ ನೋಡುವಂತಾಯಿತು. ತಿನ್ ಲಿಝಿ ತಂಡದ 1978ರ 'ಲೈವ್ ಅಂಡ್ ಡೇಂಜರಸ್' ಬಗ್ಗೆಯಂತೂ ದೊಡ್ಡ ತಕರಾರೇ ಇದೆ. ಬಹುಪಾಲು ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದೆಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರೆ, ಅಷ್ಟೇನೂ ಇಲ್ಲವೆಂದು ತಂಡದವರು ಹೇಳಿದರು.

ಆದ್ದರಿಂದ ಹಳತು ನಿಜ, ಹೊಸತು ಸುಳ್ಳು ಎಂಬ ವಾದ ನಿಲ್ಲುವುದಿಲ್ಲ. ಅಳೆಯುವ ಕೋಲು ಬೇರೆ ಬೇಕು. ಬ್ಯಾಂಕಿನಲ್ಲಿ ವರ್ಷಾನುಗಟ್ಟಲೆ ಲೆಡ್ಜರು ಬರೆದವನಿಗೆ ತಟ್ಟನೆ ತೋಚುವ ಕೋಲು ಒಂದಿದೆ. ಕೈಬರಹದ ಲೆಡ್ಜರಿನಲ್ಲಿ ತಪ್ಪು ಅಂಕೆ ಬಿದ್ದರೆ ಬ್ಲೇಡಿನಿಂದ ಕೆರೆಯುವಂತಿಲ್ಲ, ಅದರ ಮೇಲೆಯೇ ತಿದ್ದಿ ಬರೆಯುವಂತಿಲ್ಲ. ಹಳೆಯ ಅಂಕೆ ಓದಲು ಸಿಗುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆದು, ಅಧಿಕಾರಿಯ ಸಹಿ ಪಡೆಯಬೇಕು. ತಿದ್ದುವುದು ಅಪರಾಧವಲ್ಲ. ತಿದ್ದಿದ್ದು ಕಾಣದಂತೆ ಮಾಡುವುದೇ ಅಪರಾಧ.

ಈ ಕೋಲಿನಿಂದ ಅಳೆದರೆ ಲೀಡ್ಸಿನ ಹೊಸ ಆವೃತ್ತಿ ಸಾರ್ಥಕವೇ. ಹೊಳಪಿಗಾಗಿ ಅಲ್ಲ. ಸಭೆಯಲ್ಲಿ ನಿಜವಾಗಿ ನಡೆದು ತಟ್ಟೆಗೆ ಇಳಿಯದೆ ಹೋದ ಬಹುಪಾಲನ್ನು ಅದು ನಮಗೆ ಕೊಟ್ಟಿತು. ಮೂನ್ ಮತ್ತು ಎಂಟ್ವಿಸಲ್ ಇನ್ನು ನುಡಿಸುವವರಲ್ಲ, ಆ ಟೇಪು ಅವರ ಸಾಕ್ಷಿ. ಹಲ್‌ನ ಬೇಸ್ ಗಿಟಾರು ಪಕ್ಕದ ಖಾತೆಯಿಂದ ವರ್ಗಾಯಿಸಿದ ಮೊತ್ತ. ಅದು ಬಚ್ಚಿಟ್ಟ ಸಂಗತಿಯಲ್ಲ, ಎಲ್ಲರಿಗೂ ತಿಳಿದದ್ದು. ಹಾಗಾಗಿ ಅದನ್ನೂ ಒಪ್ಪಬಹುದು. ಆದರೆ ಅಷ್ಟು ಹಾಡುಗಳ ಮಟ್ಟಿಗೆ ಅದನ್ನು ಹಲ್‌ನ ರಾತ್ರಿ ಎಂದು ಪೂರ್ಣ ಕರೆಯಲಾಗದು.

ಅಷ್ಟೆಂದ ಮಾತ್ರಕ್ಕೆ 1970ರ ಚಿಟಪಟ ತಟ್ಟೆ ಅಟ್ಟಕ್ಕೆ ಹೋಗಬೇಕೆ? ಖಂಡಿತ ಬೇಡ. ಅಂದಿನ ಕೇಳುಗರು ಕೇಳಿ ಮೆಚ್ಚಿದ್ದು ಆ ಆರು ಹಾಡುಗಳನ್ನು, ಆ ಸದ್ದಿನೊಂದಿಗೆ. ಒಂದು ಕಛೇರಿಯ ದಾಖಲೆ, ಇನ್ನೊಂದು ಕಾಲದ ದಾಖಲೆ. 2006ರಲ್ಲಿ ಲೀಡ್ಸಿನ ಆ ಭೋಜನಶಾಲೆಗೆ ಸ್ಮಾರಕದ ನೀಲಿ ಫಲಕ ಹಾಕಿದರು, ತಂಡದಲ್ಲಿ ಉಳಿದಿದ್ದ ಡಾಲ್ಟ್ರಿಯೂ ಟೌನ್‌ಶೆಂಡರೂ ಅಲ್ಲಿಗೆ ಮರಳಿ ಬಂದು ಹಾಡಿದರು. ಫಲಕ ಹಾಕುವಷ್ಟು ಹೆಸರು ಆ ಕೋಣೆಗೆ ಬಂದದ್ದು ಆ ದೋಷವುಳ್ಳ ತಟ್ಟೆಯಿಂದಲೇ.

ಹೊಸ ಆವೃತ್ತಿ ಕೊಳ್ಳುವ ಮುಂಚೆ ನೀವು ಮೂರು ಪ್ರಶ್ನೆ ಕೇಳಬೇಕು. ಹಿಂದೆ ಬಾರದೆ ಉಳಿದದ್ದು ಏನಾದರೂ ಸೇರಿದೆಯೆ? ಏನನ್ನು ತಿದ್ದಿದ್ದಾರೆಂದು ಒಳಹೊದಿಕೆಯಲ್ಲಿ ಹೇಳಿದ್ದಾರೆಯೆ? ಹಳೆಯದ್ದು ಇನ್ನೂ ಕೇಳಲು ಸಿಗುತ್ತದೆಯೆ? ಮೂರಕ್ಕೂ ಹೌದು ಎಂದಾದರೆ ಹಣ ಕೊಡಿ. ಬರಿಯ ಹೊಳಪು, ಬರಿಯ ಜೋರು ಎಂದಾದರೆ ಹಳೆಯದ್ದನ್ನೇ ಬಟ್ಟೆಯಿಂದ ಒರೆಸಿ ಕೇಳಿ.

ಇಷ್ಟು ದೂರದ ಸಂಗತಿ ನಮಗೇಕೆ ಎಂದು ಕೇಳಬಹುದು. ಗಡಿನಾಡಿನ ನಮ್ಮ ಮನೆಗಳ ಕಪಾಟಿನಲ್ಲೂ ಸಭಾಮುದ್ರಣಗಳು ಇವೆ. ಕಾಸರಗೋಡಿನ ಕಡೆಯ ಎಷ್ಟೋ ಮನೆಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ತಾಳಮದ್ದಳೆಯ ಅರ್ಥಗಾರಿಕೆ ಕ್ಯಾಸೆಟ್ಟುಗಳಲ್ಲಿದೆ. ಈಗ ಅವನ್ನು ಮೊಬೈಲಿಗೆ ಇಳಿಸಿಕೊಡುವ ಹುಡುಗರು ಸಿಗುತ್ತಾರೆ. ಒಳ್ಳೆಯ ಕೆಲಸ. ಆದರೆ "ಸೌಂಡ್ ಕ್ಲೀನ್ ಮಾಡಿ ಕೊಡುತ್ತೇನೆ" ಎಂದು ಟೇಪಿನ ಹಿಸ್ಸೆನ್ನುವ ಸದ್ದಿನೊಂದಿಗೆ ಸಭೆಯ ನಗು, ಹಿಂದಿನ ಸಾಲಿನ ಮಾತು, ಸಂಘಟಕರ ಪ್ರಕಟಣೆ ಎಲ್ಲವನ್ನೂ ಕಿತ್ತು ಬಿಡುವುದುಂಟು.

ಬಾಂಧವರೇ, ಅರ್ಥಧಾರಿಗಳ ಮಾತು ಬೇರೆ ಕ್ಯಾಸೆಟ್ಟಿನಲ್ಲಿಯಾದರೂ ಸಿಗಬಹುದು. ಆ ಸಭೆ ಇನ್ನೆಲ್ಲಿ ಸಿಗುತ್ತದೆ? ಕನ್ನಡದ ಅರ್ಥಕ್ಕೆ ನಕ್ಕು, ಪಕ್ಕದವರಿಗೆ ತುಳುವಿನಲ್ಲೋ ಮಲಯಾಳದಲ್ಲೋ ಅದನ್ನು ಹೇಳಿ, ಮತ್ತೆ ಕನ್ನಡಕ್ಕೆ ಕಿವಿಗೊಟ್ಟ ಜನ ಅಲ್ಲಿದ್ದಾರೆ. ಈ ಊರಿನಲ್ಲಿ ಎರಡು ಮೂರು ಭಾಷೆಗಳು ಒಂದೇ ಚಾಪೆಯ ಮೇಲೆ ಕೂತು ಕೇಳಿದ್ದವೆಂಬುದಕ್ಕೆ ಆ ಗದ್ದಲವೇ ಪುರಾವೆ. ಅಂಥ ಪುರಾವೆ ಸರಕಾರಿ ಕಡತದಲ್ಲಿ ಸಿಗುವುದಿಲ್ಲ. ಗದ್ದಲವೆಂದು ಅದನ್ನು ಅಳಿಸಿದರೆ ನಮ್ಮ ಸಾಕ್ಷಿಯನ್ನು ನಾವೇ ಅಳಿಸಿದಂತೆ.

ಹಾಗಾಗಿ ಇಷ್ಟು ಮಾಡಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಮೊದಲು ಮುರಿಯಿರಿ, ಆಗ ಅದರ ಮೇಲೆ ಬೇರೆ ಮುದ್ರಣ ಆಗುವುದಿಲ್ಲ. ಇಳಿಸುವವರಲ್ಲಿ ಏನನ್ನೂ ತೆಗೆಯದ ಒಂದು ಪ್ರತಿ ಕೇಳಿ ಪಡೆಯಿರಿ. ಅದು ಎಂಪಿ-ತ್ರೀ ಬೇಡ, ಜಾಗ ಹೆಚ್ಚು ಹಿಡಿದರೂ ವೇವ್ ಫೈಲು ಇರಲಿ. ಎಂಪಿ-ತ್ರೀ ಜಾಗ ಉಳಿಸಲು ಶಬ್ದದ ಒಂದಂಶವನ್ನು ಕೈಬಿಡುತ್ತದೆ. ಸ್ವಚ್ಛ ಮಾಡಿದ್ದು ಬೇಕಾದರೆ ಎರಡನೆಯ ಪ್ರತಿಯಾಗಿರಲಿ. ಊರು, ತಾರೀಕು, ಪ್ರಸಂಗ, ಯಾರು ಯಾವ ಪಾತ್ರ, ಮುದ್ರಿಸಿದವರು ಯಾರು ಎಂದು ಒಂದು ಚೀಟಿ ಬರೆದು ಜೊತೆಗಿಡಿ. ಏನನ್ನಾದರೂ ತೆಗೆದಿದ್ದರೆ ಅದನ್ನೂ ಆ ಚೀಟಿಯಲ್ಲೇ ಕಾಣಿಸಿ. ಬರೆದವರ ಸಹಿಯೂ ಇರಲಿ.