ಆ ಕಡೆ ಯಾರಾದರೂ ಇದ್ದೀರಾ?

ಫೆಲೋಶಿಪ್ ಅರ್ಜಿ ಸಲ್ಲಿಸಲು ಅಂದು ಕೊನೆಯ ದಿನ. ರಾತ್ರಿ ಹನ್ನೊಂದಾಗಿತ್ತು. ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿಟ್ಟುಕೊಂಡು ಕೂತರೆ ವೆಬ್‌ಸೈಟ್ ತೆರೆದುಕೊಳ್ಳುತ್ತಲೇ ಇಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದೆ. ಕೊನೆಗೆ ಬೇರೆ ಊರಿನಲ್ಲಿರುವ ಗೆಳತಿಗೆ ಫೋನ್ ಮಾಡಿ, "ನಿಂಗೂ ಓಪನ್ ಆಗ್ತಿಲ್ವಾ?" ಎಂದು ಕೇಳಿದೆ. "ಇಲ್ಲ ಕಣೇ, ಒಂದು ಗಂಟೆಯಿಂದ ಇದೇ ಕಥೆ" ಅಂದಳು. ಅರ್ಜಿ ಹೋಗಲಿಲ್ಲ. ಆದರೂ ಎದೆಯ ಭಾರ ಸ್ವಲ್ಪ ಇಳಿಯಿತು. ತಪ್ಪು ನನ್ನದಲ್ಲವಲ್ಲ!

ಕೆಟ್ಟಿರುವುದು ಆ ತುದಿಯೋ, ಈ ತುದಿಯೋ, ನಡುವಿನ ದಾರಿಯೋ? ಈ ಪ್ರಶ್ನೆ ಇಂಟರ್‌ನೆಟ್‌ಗಿಂತ ಬಹಳ ಹಳೆಯದು. ಅಟ್ಲಾಂಟಿಕ್ ಸಾಗರದ ತಳದಲ್ಲಿ ಅದು ಒಮ್ಮೆ ದೊಡ್ಡದಾಗಿಯೇ ಎದ್ದಿತ್ತು.

1858ರ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಶಿಯಾ ದ್ವೀಪವನ್ನೂ ನ್ಯೂಫೌಂಡ್‌ಲ್ಯಾಂಡನ್ನೂ ಜೋಡಿಸುವ ಮೊದಲ ಟೆಲಿಗ್ರಾಫ್ ಕೇಬಲ್ ದಡ ಮುಟ್ಟಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬ್ಯುಕಾನನ್‌ಗೆ ಕಳಿಸಿದ 98 ಪದಗಳ ಸಂದೇಶ ತಲುಪಲು ಸುಮಾರು 16 ಗಂಟೆ ಹಿಡಿಯಿತು. ಆ ಕೇಬಲ್ ಮೂಲಕ ಹೋದ ಕೆಲವೇ ಉಪಯುಕ್ತ ಸಂದೇಶಗಳಲ್ಲಿ ಒಂದಕ್ಕೆ ನಮ್ಮ ಚರಿತ್ರೆಯ ನಂಟಿದೆ. 1857ರ ದಂಗೆಯ ಕಾರಣ ಕೆನಡಾ ಕಡೆಯಿಂದ ವಾಪಸು ಕರೆಸಿಕೊಂಡಿದ್ದ ಬ್ರಿಟಿಷ್ ಸೇನಾತುಕಡಿಗಳಿಗೆ, ಇನ್ನು ಹೊರಡಬೇಕಾಗಿಲ್ಲ ಎಂಬ ಆದೇಶ ಅದರಲ್ಲೇ ಹೋಯಿತು. ಇವನ್ನು ಬಿಟ್ಟರೆ ಎರಡೂ ದಡದ ನೌಕರರು ಹೆಚ್ಚಾಗಿ ಕಳಿಸಿಕೊಂಡದ್ದು ಒಂದೇ ಮಾತು: ಕೇಳಿಸುತ್ತಿದೆಯೇ, ನಿಧಾನ ಕಳಿಸಿ, ಇನ್ನೊಮ್ಮೆ ಕಳಿಸಿ.

ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಸಂಕೇತ ಜೋರಾಗಲೆಂದು ಸುಮಾರು 2,000 ವೋಲ್ಟ್ ಹರಿಸಿದ. ಮೊದಲೇ ದೋಷಗಳಿದ್ದ ಕೇಬಲ್ ಸೆಪ್ಟೆಂಬರ್‌ನಲ್ಲಿ ಪೂರ್ತಿ ಮೌನವಾಯಿತು. ಕೆಲವೇ ದಿನಗಳ ಹಿಂದೆ ಪಟಾಕಿ ಹೊಡೆದು ಸಂಭ್ರಮಿಸಿದ್ದವರಲ್ಲಿ ಕೆಲವರು, ಇದೆಲ್ಲ ಮೊದಲಿನಿಂದಲೂ ಮೋಸವೇ ಅಂದುಬಿಟ್ಟರು. ಮೌನಕ್ಕೆ ಕಾರಣ ಗೊತ್ತಾಗದಿದ್ದರೆ ಜನ ಏನಾದರೊಂದು ಕಾರಣ ಕಟ್ಟಿಕೊಳ್ಳುತ್ತಾರೆ.

ಆಗ ವಿಲಿಯಂ ಥಾಮ್ಸನ್ ಮುಂತಾದವರು ದಡದಲ್ಲೇ ಕೂತು ಅಳತೆ ಹಿಡಿದರು. ಲೆಕ್ಕ ಸರಳ. ಒಂದು ಮೈಲಿ ತಂತಿಗೆ ವಿದ್ಯುತ್ ರೋಧ ಇಷ್ಟು ಎಂದು ಗೊತ್ತಿದ್ದರೆ, ಈ ತುದಿಯಿಂದ ಅಳೆದ ಒಟ್ಟು ರೋಧವನ್ನು ನೋಡಿ ಎಷ್ಟು ಮೈಲಿಯಾಚೆ ವಿದ್ಯುತ್ ಸಮುದ್ರಕ್ಕೆ ಸೋರುತ್ತಿದೆ ಎಂದು ಅಂದಾಜಿಸಬಹುದು. ಆದರೆ ರೋಧ ಅಳೆಯಲು ಎಲ್ಲರೂ ಒಪ್ಪಿದ ಮಾನವೇ ಇರಲಿಲ್ಲ. 1861ರಲ್ಲಿ ಥಾಮ್ಸನ್ ಸಲಹೆಯಂತೆ ಬ್ರಿಟಿಷ್ ಅಸೋಸಿಯೇಷನ್ ಇದಕ್ಕೊಂದು ಸಮಿತಿ ನೇಮಿಸಿತು. ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ ಓಮ್ ರೂಪುಗೊಂಡದ್ದರ ಹಿಂದೆ ಇಂಥ ಅಗತ್ಯವಿತ್ತು.

ಇದಾಗಿ ಶತಮಾನ ದಾಟಿದ ಮೇಲೆ, 1983ರ ಡಿಸೆಂಬರ್‌ನಲ್ಲಿ, ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿ ಮೈಕ್ ಮ್ಯೂಸ್ ಎಂಬಾತನಿಗೆ ಅದೇ ತಲೆನೋವು ಎದುರಾಯಿತು. ಕಂಪ್ಯೂಟರ್ ಜಾಲ ವಿಚಿತ್ರವಾಗಿ ವರ್ತಿಸುತ್ತಿತ್ತು. ಒಂದೇ ಸಂಜೆಯಲ್ಲಿ ಆತ ಪುಟ್ಟದೊಂದು ಪ್ರೋಗ್ರಾಂ ಬರೆದ. ಅದು ದೂರದ ಯಂತ್ರಕ್ಕೆ ಒಂದು ಕೂಗು ಹಾಕುತ್ತದೆ, ಪ್ರತಿಧ್ವನಿ ಬಂತೇ, ಎಷ್ಟು ಹೊತ್ತಿಗೆ ಬಂತು ಎಂದು ನೋಡುತ್ತದೆ. ಜಲಾಂತರ್ಗಾಮಿಗಳ ಸೋನಾರ್ ಸದ್ದನ್ನು ನೆನೆದು ಅದಕ್ಕೆ ಪಿಂಗ್ ಎಂದು ಹೆಸರಿಟ್ಟ. ಇಂದಿಗೂ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಅದಿದೆ. ದಶಕದ ಕೊನೆಗೆ ವ್ಯಾನ್ ಜೇಕಬ್‌ಸನ್ ಬರೆದ ಟ್ರೇಸ್‌ರೂಟ್, ಕೂಗು ದಾರಿಯಲ್ಲಿ ಎಲ್ಲಿಯವರೆಗೆ ಹೋಯಿತು ಎಂಬುದನ್ನೂ ತೋರಿಸಿತು.

ಆದರೆ ಪ್ರತಿಧ್ವನಿ ಬರಲಿಲ್ಲವೆಂದ ಮಾತ್ರಕ್ಕೆ ಆ ಕಡೆ ಯಾರೂ ಇಲ್ಲ ಎನ್ನುವಂತಿಲ್ಲ. ಎಷ್ಟೋ ಸರ್ವರ್‌ಗಳು ಬೇಕೆಂದೇ ಪಿಂಗ್‌ಗೆ ಉತ್ತರಿಸುವುದಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಾಯವಾದವು. ನಮ್ಮಲ್ಲಿ ಆಗ ರಾತ್ರಿ ಒಂಬತ್ತು ದಾಟಿತ್ತು. ಅಂದು ನಮ್ಮ ಸಂಪರ್ಕ ಕೆಟ್ಟಿರಲಿಲ್ಲ, ಆ ಸರ್ವರ್‌ಗಳೂ ಸುಟ್ಟುಹೋಗಿರಲಿಲ್ಲ. ನಿರ್ವಹಣೆಯ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಕಂಪನಿಯ ಒಳಜಾಲ ಕಡಿದು, ಅಲ್ಲಿಗೆ ಹೋಗುವ ದಾರಿಯ ವಿವರವೇ ಇಂಟರ್‌ನೆಟ್ಟಿನಿಂದ ಅಳಿಸಿಹೋಗಿತ್ತು. ಮನೆ ಇದೆ, ಮನೆಯವರೂ ಇದ್ದಾರೆ, ವಿಳಾಸ ಹೇಳುವವರಿಲ್ಲ.

ಈ ಚರಿತ್ರೆ ಓದುತ್ತಾ ನನಗೆ ಹೊಳೆದದ್ದಿಷ್ಟು: ಒಂದೇ ತುದಿಯಲ್ಲಿ ಕೂತವರಿಗೆ ಎಲ್ಲ ಮೌನವೂ ಒಂದೇ ಥರ ಕೇಳಿಸುತ್ತದೆ. ಅಳತೆಯಾಗಲಿ, ಇನ್ನೊಬ್ಬ ಸಾಕ್ಷಿಯಾಗಲಿ ಇಲ್ಲದಿದ್ದರೆ, ತಪ್ಪಿನ ಹೊರೆ ಸುಮ್ಮನೆ ದುರ್ಬಲರ ತಲೆಗೆ ಬೀಳುತ್ತದೆ. 'ನಿಮ್ಮ ಸಂಪರ್ಕ ಪರಿಶೀಲಿಸಿ' ಎಂದು ಪರದೆ ಹೇಳಿದಾಗ, ಹಳ್ಳಿಯ ಸೈಬರ್ ಸೆಂಟರ್‌ನಲ್ಲಿ ಕೂತ ಹುಡುಗ ತನ್ನನ್ನೇ ಬೈದುಕೊಂಡು ಎದ್ದುಹೋಗುತ್ತಾನೆ. ಎಷ್ಟು ಅರ್ಜಿಗಳು ಹಾಗೆ ಸಲ್ಲಿಕೆಯಾಗದೆ ಉಳಿದಿರಬಹುದು!

ಆ ರಾತ್ರಿ ನಾನೂ ಗೆಳತಿಯೂ ಒಂದೇ ಹೊತ್ತಿಗೆ, ಎರಡು ಊರುಗಳಿಂದ ಸ್ಕ್ರೀನ್‌ಶಾಟ್ ತೆಗೆದೆವು. ಎರಡನ್ನೂ ಲಗತ್ತಿಸಿ ಸಂಸ್ಥೆಗೆ ಪತ್ರ ಬರೆದೆವು. ಮೂರನೆಯ ದಿನ ಉತ್ತರ ಬಂತು: ಗಡುವು ಎರಡು ದಿನ ಮುಂದೆ ಹೋಗಿತ್ತು.