ಸ್ಪಿನ್ನಿನಿಂದ ವಿದ್ಯುತ್ತಿಗೆ: ಕ್ರೋಂಪೇಟೆಯ ಕ್ರೋಮಿಯಂ ನೆಪದಲ್ಲಿ

ಚೆನ್ನೈಯ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಅಲ್ಲಿದ್ದ ಕ್ರೋಮ್ ಲೆದರ್ ಕಂಪನಿಯಿಂದ. ಚರ್ಮ ಹದಮಾಡುವ ಕ್ರೋಮಿಯಂ ಲವಣದ ಪ್ರತಿ ಲೋಹ ಅಯಾನಿನಲ್ಲೂ ಜೋಡಿಯಿಲ್ಲದ ಮೂರು ಎಲೆಕ್ಟ್ರಾನುಗಳಿದ್ದು, ಮೂರರ ಸ್ಪಿನ್ನೂ ಒಂದೇ ದಿಕ್ಕಿಗಿರುತ್ತದೆ. ಕ್ಯಾಡ್ಮಿಯಂ ಕ್ರೋಮಿಯಂ ಸೆಲೆನೈಡ್ ಎಂಬ ಅರೆವಾಹಕವು ಸುಮಾರು 130 ಕೆಲ್ವಿನ್‌ಗಿಂತ ಕೆಳಗೆ ಕಾಂತವಾಗುವುದು ಇದೇ ಅಯಾನಿನಿಂದ. ಅದೇ ಪೇಟೆಯಲ್ಲಿ ಸಿ. ರಾಜಂ 1949ರಲ್ಲಿ ಸ್ಥಾಪಿಸಿದ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಕಲಿಸುತ್ತ ಬಂದ ಎಲೆಕ್ಟ್ರಾನಿಕ್ಸ್ ನಿಂತಿರುವುದು ವಿದ್ಯುದಾವೇಶದ ಮೇಲೆ. ಸ್ಪಿನ್ನನ್ನು ವಿದ್ಯುನ್ಮಂಡಲಕ್ಕೆ ತರಬೇಕಾದರೆ ಅದು ಪ್ರವಾಹವಾಗಿ ಬದಲಾಗಬೇಕು.

ಒಂದು ಪಟ್ಟಿಯಲ್ಲಿ ಮೇಲ್ಮುಖ ಸ್ಪಿನ್ನಿನ ಎಲೆಕ್ಟ್ರಾನುಗಳು ಮುಂದಕ್ಕೂ ಕೆಳಮುಖದವು ಅಷ್ಟೇ ಸಂಖ್ಯೆಯಲ್ಲಿ ಹಿಂದಕ್ಕೂ ಚಲಿಸುತ್ತಿವೆ ಎನ್ನಿ. ಉದ್ದಕ್ಕೆ ಪ್ರವಾಹ ಸೊನ್ನೆ. ಆದರೆ ಸ್ಪಿನ್-ಕಕ್ಷೆ ಅಂತರ್ಕ್ರಿಯೆಯಿಂದ ಎರಡು ಗುಂಪೂ ಒಂದೇ ಅಂಚಿನತ್ತ ವಾಲುತ್ತವೆ. ಅಡ್ಡಕ್ಕೆ ವೋಲ್ಟೇಜು ಹುಟ್ಟುತ್ತದೆ. ಇದೇ ವಿಲೋಮ ಸ್ಪಿನ್ ಹಾಲ್ ಪರಿಣಾಮ. ಇದರ ಬೀಜ ಡ್ಯಾಕೊನೊವ್ ಮತ್ತು ಪೆರೆಲ್ 1971ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿದೆ.

1984ರಲ್ಲಿ ಬಾಕುನ್ ಮತ್ತು ಸಂಗಡಿಗರು ಇದನ್ನು ಅರೆವಾಹಕದಲ್ಲೇ ಕಂಡರು. ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಚೆಲುವಾದ ಪ್ರಯೋಗ ಅದು. ವೃತ್ತಧ್ರುವಿತ ಬೆಳಕು ಅಲ್ಯುಮಿನಿಯಂ ಗ್ಯಾಲಿಯಂ ಆರ್ಸೆನೈಡಿನ ಮೇಲ್ಮೈಗೆ ಬಿದ್ದಾಗ ಎಲೆಕ್ಟ್ರಾನುಗಳ ಸ್ಪಿನ್ ಬೆಳಕಿನ ಗುಂಟ ನಿಲ್ಲುತ್ತದೆ. ಆಳಕ್ಕಿಳಿದಂತೆ ಸ್ಪಿನ್ ಕ್ಷೀಣಿಸುವುದೂ ಅದೇ ದಿಕ್ಕಿಗೆ. ಸ್ಪಿನ್ನೂ ಅದರ ಹರಿವೂ ಒಂದೇ ಗುಂಟ ಇರುವುದರಿಂದ ಅಡ್ಡಕ್ಕೆ ಪ್ರವಾಹ ಏಳದು. ಮೇಲ್ಮೈಗೆ ಸಮಾಂತರವಾಗಿ ಕಾಂತಕ್ಷೇತ್ರ ಕೊಟ್ಟೊಡನೆ ಸ್ಪಿನ್ ಬುಗುರಿಯಂತೆ ಓಲಾಡಿ ಪಕ್ಕಕ್ಕೆ ಹೊರಳುತ್ತದೆ, ಮೇಲ್ಮೈಯಲ್ಲಿ ಪ್ರವಾಹ ಕಾಣಿಸಿಕೊಳ್ಳುತ್ತದೆ. ಕ್ಷೇತ್ರವನ್ನು ತಿರುಗಿಸಿದರೆ ಪ್ರವಾಹವೂ ತಿರುಗುತ್ತದೆ. ಕ್ಷೇತ್ರ ಅತಿಯಾದರೆ ಸ್ಪಿನ್ನುಗಳು ಚದುರಿ ಎಲ್ಲವೂ ಅಳಿಯುತ್ತದೆ.

ಸಿಲಿಕಾನಿನಲ್ಲಿ ಬೆಳಕಿನಿಂದ ಸ್ಪಿನ್ ನಿಲ್ಲಿಸುವುದು ಕಷ್ಟ. ಆಂಡೊ ಮತ್ತು ಸೈತೋ 2012ರಲ್ಲಿ ನಿಕಲ್-ಕಬ್ಬಿಣದ ಪದರವನ್ನು ಮೈಕ್ರೋತರಂಗದಿಂದ ಕೆರಳಿಸಿ, ಪಿ-ಮಾದರಿ ಸಿಲಿಕಾನಿಗೆ ಸ್ಪಿನ್ ಹಾಯಿಸಿ, ಕೋಣೆಯ ತಾಪದಲ್ಲೇ ವೋಲ್ಟೇಜನ್ನು ಅಳೆದರು. ಪರಿವರ್ತನೆಯ ಪ್ರಮಾಣ ಹತ್ತು ಸಾವಿರಕ್ಕೊಂದರ ಆಸುಪಾಸು. ಅತ್ತ ಅಪೆಲ್‌ಬಾಮ್ ತಂಡ 2007ರಲ್ಲಿ ಕಡಿಮೆ ತಾಪದ ಶುದ್ಧ ಸಿಲಿಕಾನಿನಲ್ಲಿ ಸ್ಪಿನ್ನನ್ನು 350 ಮೈಕ್ರೋಮೀಟರು ದಾಟಿಸಿತ್ತು. ಸ್ಪಿನ್ನನ್ನು ಪ್ರವಾಹವಾಗಿಸುವ ಅಂತರ್ಕ್ರಿಯೆಯೇ ಸ್ಪಿನ್ನನ್ನು ಅಳಿಸುತ್ತದೆ. ಅದು ದುರ್ಬಲವಾಗಿರುವಲ್ಲಿ ಸ್ಪಿನ್ ದೂರ ಸಾಗುತ್ತದೆ, ಫಲ ಕಡಿಮೆ. ಆದ್ದರಿಂದ ಪರಿವರ್ತನೆಯ ಪ್ರಮಾಣವೊಂದನ್ನೇ ಹಿಡಿದು ವಸ್ತುಗಳನ್ನು ಸಾಲುಗಟ್ಟಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಸ್ಪಿನ್ ಸಾಗುವ ದೂರದೊಡನೆ ಅದನ್ನು ಗುಣಿಸಿಯೇ ಓದಬೇಕು.

ಕ್ಯಾಡ್ಮಿಯಂ ಕ್ರೋಮಿಯಂ ಸೆಲೆನೈಡಿಗೂ ಈ ಲೆಕ್ಕ ಬೇಕು. 2004ರಲ್ಲಿ ಅದರಿಂದ ಗ್ಯಾಲಿಯಂ ಆರ್ಸೆನೈಡಿನ ರಚನೆಗೆ ಹಾಯಿಸಿದ ಸ್ಪಿನ್ನಿಗೆ ಸಾಕ್ಷಿ ನುಡಿದದ್ದು ಹೊರಬಂದ ಬೆಳಕಿನ ವೃತ್ತಧ್ರುವೀಕರಣ, ಎರಡು ತಂತಿಗಳ ನಡುವಿನ ವೋಲ್ಟೇಜಲ್ಲ.